ಹಲ್ಲಿ ಲೊಚಗುಟ್ಟಿದ್ದು

ಇಲಿಬೋನಿನೊಳಗೆ ಕೊಬ್ಬರಿ ಚೂರು ಕಂಡ ಇಲಿ ಬಾಗಿಲಲ್ಲೇ ನಿಂತು, "ಒಳಗೆ ಹೋಗುವುದು ಬಿಡುವುದು ನನ್ನ ಕೈಯಲ್ಲಿಲ್ಲ. ನಾನೇನು ಮಾಡುತ್ತೇನೆಂದು ದೇವರಿಗೆ ಮೊದಲೇ ಗೊತ್ತು" ಎಂದಿತು.

ಗೋಡೆಯ ಮೇಲಿದ್ದ ಹಲ್ಲಿ ಲೊಚಗುಟ್ಟಿತು.

"ಹಲ್ಲಿ ನುಡಿದ ಮೇಲೆ ಮುಗಿಯಿತು!" ಎಂದು ಇಲಿ ಖುಷಿಯಿಂದ ನುಗ್ಗಿತು. ಬಾಗಿಲು ಫಟ್ಟನೆ ಮುಚ್ಚಿಕೊಂಡಿತು.

"ಅಯ್ಯೋ ಹಲ್ಲಿಯಮ್ಮ, ನಿನ್ನನ್ನು ನಂಬಿ ಕೆಟ್ಟೆ! ದೇವರು ನನ್ನನ್ನು ಹೀಗೆ ಸಿಕ್ಕಿಸಬಹುದೇ?"

"ದೇವರಿಗೆ ಗೊತ್ತು ಅಂದೆಯಲ್ಲ, ಆ ಮಾತು ನಿಜ, ಅದಕ್ಕೇ ಲೊಚಗುಟ್ಟಿದೆ" ಎಂದಿತು ಹಲ್ಲಿ. "ಕೊಬ್ಬರಿ ಕಂಡು ನಿನ್ನ ಮೀಸೆ ಕುಣಿದಾಗಲೇ ನೀನು ನುಗ್ಗುತ್ತೀಯೆಂದು ನನಗೂ ಗೊತ್ತಾಗಿತ್ತು. ಹಾಗಂತ ನಾನು ನಿನ್ನನ್ನು ತಳ್ಳಿದೆನೇ?"

ಅಷ್ಟರಲ್ಲಾಗಲೇ ಇಲಿಯ ಬಾಯಿತುಂಬ ಕೊಬ್ಬರಿಯಿತ್ತು.