ಥಾಯ್ಲೆಂಡಿನ ಆನೆಗಳಿಗೆ ಗೊಂಬೆ ಮಾರಿದ ಅಳಿಲು

ಚನ್ನಪಟ್ಟಣದ ಅಳಿಲೊಂದು ಥಾಯ್ಲೆಂಡಿನ ಆನೆಗಳಿಗೆಂದು ಆನ್‌ಲೈನಿನಲ್ಲಿ ಮರದ ಗೊಂಬೆಗಳ ಅಂಗಡಿ ತೆರೆಯಿತು. ನೋಡುವವರು ಬಹಳ, ಕೊಳ್ಳುವವರು ಯಾರೂ ಇಲ್ಲ. ಬೆಲೆ ಇಳಿಸಿದರೂ ಗೊಂಬೆ ಕದಲಲಿಲ್ಲ. ಅಂಗಡಿ ಮುಚ್ಚುವ ಯೋಚನೆ ಬಂದಾಗ, ಗೊಂಬೆ ಆರಿಸಿಯೂ ಕೊಳ್ಳದೆ ಹೋದ ಆನೆಯಜ್ಜಿಗೆ ಅಳಿಲು ಫೋನ್ ಮಾಡಿತು.

"ಅಜ್ಜಿ, ಗೊಂಬೆ ಹಿಡಿಸಲಿಲ್ಲವೇ?"

"ಹಿಡಿಸಿತು, ಮಗು. ಆದರೆ ನೀನು ಕಾರ್ಡನ್ನೇ ಕೇಳುತ್ತೀಯೆ. ನಾವು ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಕೊಟ್ಟು ರೂಢಿ."

"ನನಗೆ ಕಾರ್ಡೇ ಸಲೀಸು, ಅಜ್ಜಿ."

"ಹಾಗಾದರೆ ಗೊಂಬೆಯನ್ನೂ ನೀನೇ ಕೊಂಡುಕೋ," ಎಂದಳು ಆನೆಯಜ್ಜಿ, ಮೆಲ್ಲಗೆ.

ಅಂದು ಸಂಜೆಯೇ ಅದು ಕಾರ್ಡಿನ ಪಕ್ಕದಲ್ಲಿ ಕ್ಯೂಆರ್ ಕೂಡ ಇಟ್ಟಿತು. ಅಜ್ಜಿ ಮೊಮ್ಮಗನಿಗೊಂದು ಗೊಂಬೆ ಕೊಂಡಳು. ಅವಳ ಹಿಂದೆಯೇ ಇಡೀ ಹಿಂಡು ಬಂತು.