ಹರಳಿಲ್ಲದ ಮಣ್ಣು

“ಗುರುಗಳೇ, ನನಗೆ ಸಕ್ಕರೆ ಕಾಯಿಲೆ. ದಿನಾ ಪಾದ ನೋಡಿಕೊಳ್ಳಬೇಕು, ಆಗಾಗ ಬಂದು ತೋರಿಸಬೇಕು ಎನ್ನುತ್ತಾರೆ ವೈದ್ಯರು. ನೋವೇ ಇಲ್ಲದ ಕಾಲನ್ನು ಏಕೆ ನೋಡಬೇಕು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು:

ಒಬ್ಬ ಕುಂಬಾರನಿದ್ದ. ಮಣ್ಣು ತುಳಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಜರಡಿಗೂ ಸಿಗದ ಹರಳು ಅವನ ಅಂಗಾಲಿಗೆ ಸಿಗುತ್ತಿತ್ತು. ಸಿಕ್ಕಿದ್ದನ್ನು ಹೆಕ್ಕಿ ಎಸೆಯುತ್ತಿದ್ದ. ಹಾಗಾಗಿ ಅವನ ಮಡಕೆ ಆವಿಗೆಯ ಬೆಂಕಿಯಲ್ಲಿ ಸೀಳುವುದಿಲ್ಲ ಎಂದು ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಗಿತ್ತು.

ನಡುವಯಸ್ಸಿನಲ್ಲಿ ಅವನಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ಸಂಜೆ ಪಾದ ತೊಳೆದು ಬೆರಳ ಸಂದಿಯವರೆಗೂ ನೋಡಬೇಕೆಂದು ಆಸ್ಪತ್ರೆಯ ನರ್ಸು ಅವನ ಹೆಂಡತಿಗೆ ಒತ್ತಿ ಹೇಳಿದಳು. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೆಂಡತಿ ಕಾಲು ನೋಡಲು ಬಂದರೆ, ತಾನೇನು ಹಸುಗೂಸೇ ಎಂದು ರೇಗುತ್ತಿದ್ದ. ಮಾತ್ರೆ ನುಂಗಿದ್ದೇ ದೊಡ್ಡ ಉಪಕಾರ ಎಂಬಂತಿದ್ದ.

ಒಂದು ಬೇಸಿಗೆಯಲ್ಲಿ ಅವನು ಬೀಗುತ್ತಾ ಹೇಳಿದ: “ಈ ಸಲ ಕೆರೆ ಮಣ್ಣು ಬೆಣ್ಣೆ ಇದ್ದಂಗೆ ಐತೆ ಕಣೆ. ವಾರದಿಂದ ತುಳೀತಿದೀನಿ, ಒಂದು ಹರಳೂ ಸಿಗ್ಲಿಲ್ಲ.”

ಅದೇ ಕೆರೆ, ಅದೇ ಮಣ್ಣು. ಹರಳು ಎಲ್ಲಿ ಹೋಯಿತು ಎಂದು ಹೆಂಡತಿಗೆ ಒಳಗೊಳಗೇ ಅಳುಕು. ಆವಿಗೆ ಬಿಚ್ಚಿದಾಗ ಅರ್ಧಕ್ಕರ್ಧ ಮಡಕೆಗಳು ಸೀಳಿದ್ದವು. ಸೌದೆ ಹಸಿ ಎಂದ ಅವನು. ಮುಂದಿನ ಸಲವೂ ಹಾಗೇ ಆಯಿತು. ಗಾಳಿ ಸರಿಯಿಲ್ಲ ಎಂದ. ಅವಳು ಒಡೆದ ಚೂರೊಂದನ್ನು ಎತ್ತಿ ನೋಡಿದಳು. ಸೀಳಿನಲ್ಲಿ ಕಡಲೆಕಾಳಿನಷ್ಟು ಹರಳು ಕೂತಿತ್ತು. ಇನ್ನೊಂದರಲ್ಲೂ ಇತ್ತು. ತುಳಿದಿಟ್ಟ ಮಣ್ಣಿಗೆ ಕೈ ಹಾಕಿದಳು. ಬೆರಳಿಗೆ ಒಂದರ ಹಿಂದೊಂದು ಹರಳು ತಾಕಿದವು. ಹರಳು ಮಣ್ಣಿನಲ್ಲೇ ಇತ್ತು. ಅವನ ಕಾಲಿಗೆ ಗೊತ್ತಾಗಿರಲಿಲ್ಲ.

ಗಂಡ ಆಚೆ ಮಣ್ಣು ತುಳಿಯುತ್ತಲೇ ಇದ್ದ. ಅವಳು ಓಡಿಹೋಗಿ, “ಮೊದ್ಲು ಈಚೆ ಬನ್ನಿ. ಕಾಲು ತೋರ್ಸಿ,” ಎಂದಳು.

ಅವಳ ಮುಖ ನೋಡಿ ಅವನು ಎದುರಾಡಲಿಲ್ಲ. ಅವಳು ಕೆಸರು ತೊಳೆದಳು. ಹೆಬ್ಬೆರಳಿನ ಬುಡದಲ್ಲಿ ಗಾಜಿನ ಚೂರು ನಾಟಿತ್ತು. ಸುತ್ತ ಕೀವು ಕಟ್ಟಿ, ಪಕ್ಕದ ಬೆರಳಿನವರೆಗೂ ಕಪ್ಪಾಗಿತ್ತು. ಅವಳು ಮುಟ್ಟಿದಳು, ಒತ್ತಿದಳು. ಅವನು ಏನೂ ಆಗದವನಂತೆ ಅವಳನ್ನೇ ನೋಡುತ್ತಿದ್ದ. ಗಾಯಕ್ಕಿಂತ ಆ ನೋಟಕ್ಕೆ ಅವಳು ಹೆಚ್ಚು ಹೆದರಿದಳು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಇನ್ನೊಂದು ವಾರ ತಡೆದಿದ್ದರೆ ಪಾದವೇ ಹೋಗುತ್ತಿತ್ತು ಎಂದರು. ಈಗ ಮಣ್ಣು ತುಳಿಯುವವಳು ಅವಳು. ಸಂಜೆ ಅವನ ಪಾದ ಅವಳ ಮಡಿಲಲ್ಲಿರುತ್ತದೆ. ಅವನು ಕಮಕ್ ಕಿಮಕ್ ಎನ್ನುವುದಿಲ್ಲ.

ಕತೆ ಮುಗಿಯಿತು. ಶಿಷ್ಯ ಕುಂಬಾರನಿಗಾಗಿ ಮರುಗಿದ. ತನ್ನ ಸ್ಥಿತಿ ಅಷ್ಟು ಕೆಟ್ಟಿಲ್ಲವೆಂದೂ, ಈ ದಿನವೂ ಬಸ್ ನಿಲ್ದಾಣದಿಂದ ಆರಾಮವಾಗಿ ನಡೆದೇ ಬಂದೆನೆಂದೂ ಹೇಳಿದ.

ಗುರುಗಳು ಬಾಗಿಲ ಕಡೆ ನೋಡಿದರು.

“ಹೊರಗೆ ನೀನು ಬಿಟ್ಟಿರುವುದು ಒಂದೇ ಚಪ್ಪಲಿ, ಇನ್ನೊಂದು ದಾರಿಯಲ್ಲಿ ಎಲ್ಲಿ ಕಳಚಿಬಿತ್ತು?”