ಕಾಶಿಯಲ್ಲಿ ಬಿಟ್ಟ ತರಕಾರಿ

“ಗುರುಗಳೇ, ಮನೆಯ ಮಾನವನ್ನು ಬೀದಿಗೆ ತಂದ ಸೊಸೆಯನ್ನು ತವರಿಗೆ ಕಳಿಸಿದೆ. ನಾನು ಮಾಡಿದ್ದು ತಪ್ಪೇ?”

ಹೀಗೆ ಕೇಳಿದವರು ಸಗುಣಾಬಾಯಿ. ಅವರು ಮಠಕ್ಕೆ ಹೊಸಬರಲ್ಲ. ಮಠದ ಪಾಠಶಾಲೆ ನಿಂತಿರುವ ನೆಲ ಅವರ ಮುತ್ತಜ್ಜ ಬರೆದುಕೊಟ್ಟದ್ದು. ಊರಿನ ಸಿಹಿನೀರಿನ ಬಾವಿ ಅವರ ಮಾವನ ತಂದೆ ತೋಡಿಸಿದ್ದು. ಮೂರು ತಲೆಮಾರಿನಲ್ಲಿ ಆ ಮನೆಯವರು ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ, ಇನ್ನೊಬ್ಬರ ಬಾಗಿಲಲ್ಲಿ ಕೈಚಾಚಿ ನಿಂತವರಲ್ಲ. ಸಗುಣಾಬಾಯಿಯವರು ಕಾನ್ವೆಂಟಿನಲ್ಲಿ ಓದಿದವರು. ಸೆರಗು ಜಾರದಂತೆ, ಮಾತು ಜಾರದಂತೆ ಅರವತ್ತು ವರ್ಷ ಬದುಕಿದವರು. ಇದೆಲ್ಲವನ್ನೂ ಅವರು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಗುರುಗಳಿಗೆ ಇದೆಲ್ಲ ಗೊತ್ತಿದ್ದರೂ ನಡುವೆ ತಡೆಯಲಿಲ್ಲ.

“ಅಂಥ ಮನೆಯ ಸೊಸೆ, ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರ ಮುಂದೆ, ತನ್ನ ಗಂಡ ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದಾನೆ ಎಂದಳು. ಡಾಕ್ಟರು ಯಾರು, ಫೀಸು ಎಷ್ಟು ಎಂಬುದನ್ನೂ ಬಿಡಲಿಲ್ಲ. ಔಷಧ ಕೊಡಿಸಬೇಡ ಎಂದು ನಾನು ಎಂದೂ ಹೇಳಿದವಳಲ್ಲ. ಬಾಯಿ ಮುಚ್ಚಿಕೊಂಡು ಕೊಡಿಸು ಎಂದೆ. ಅಷ್ಟೇ.”

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಊರಿನ ಯಾವ ಮದುವೆಯಲ್ಲೂ ಮೊದಲ ತಾಂಬೂಲ ಅವನ ಮನೆಗೇ ಸಲ್ಲುತ್ತಿತ್ತು. ಅವನ ಅಜ್ಜನ ಕಾಲದಿಂದ ಅದು ಹಾಗೆಯೇ ನಡೆದುಬಂದಿತ್ತು.

ಒಂದು ದಿನ ಒಬ್ಬ ಗಿರಾಕಿ ಬಂದು, ಬೆಲ್ಲದಲ್ಲಿ ಗಾಜಿನ ಚೂರು ಸಿಕ್ಕಿತು ಎಂದ. ಅದು ಬೇರೆ ಅಂಗಡಿಯ ಬೆಲ್ಲ ಎಂದು ಆ ದಿನವೇ ತಿಳಿಯಿತು. ಗಿರಾಕಿ ತಪ್ಪಾಯಿತು ಎಂದು ಹೇಳಿ ಹೋದ. ಆದರೆ ಗಾಜು ವ್ಯಾಪಾರಿಯ ತಲೆಯಿಂದ ಹೋಗಲಿಲ್ಲ.

ಮಾರನೆಯ ದಿನದಿಂದ ಅವನು ಪ್ರತಿಯೊಂದು ಅಚ್ಚನ್ನೂ ಒಡೆದು ನೋಡಿ ತೂಗತೊಡಗಿದ. ಜನ ಹೊಗಳಿದರು. “ವ್ಯಾಪಾರಿ ಎಂದರೆ ಇವನಪ್ಪ, ಧರ್ಮರಾಯನ ತಕ್ಕಡಿ” ಎಂದರು. ಒಂದು ತಿಂಗಳಲ್ಲಿ ಅವನು ಬೆಲ್ಲವನ್ನು ಕಡಲೆಕಾಳಿನಷ್ಟು ಸಣ್ಣಗೆ ಒಡೆಯುತ್ತಿದ್ದ. ಎರಡು ತಿಂಗಳಲ್ಲಿ ಪುಡಿ ಮಾಡುತ್ತಿದ್ದ. ಆಮೇಲೆ ಬೆಳಗ್ಗೆ ಮಾರಿದ ಬೆಲ್ಲವನ್ನು ಮಧ್ಯಾಹ್ನ ಗಿರಾಕಿಗಳ ಮನೆಗೆ ಹೋಗಿ, ಕೈಮುಗಿದು, ಹಿಂದಕ್ಕೆ ಕೇಳಿದ. ಕೊನೆಗೆ ಊಟದ ತುತ್ತಿನಲ್ಲೂ ಗಾಜು ಕಾಣತೊಡಗಿತು. ಅನ್ನವನ್ನು ಅಗುಳು ಅಗುಳಾಗಿ ಬಿಡಿಸಿ ನೋಡುವನು, ತಟ್ಟೆಯನ್ನು ಸರಿಸಿ ಏಳುವನು. ಅಂಗಿ ಅವನ ಮೈಮೇಲೆ ಗೂಟಕ್ಕೆ ಹಾಕಿದಂತೆ ಜೋತಾಡಿತು. ಹೀಗೇ ಇನ್ನೆರಡು ತಿಂಗಳು ನಡೆದರೆ ಅವನು ಉಳಿಯುವುದಿಲ್ಲ ಎಂಬುದು ಅವನ ಹೆಂಡತಿಗೆ ಗೊತ್ತಾಯಿತು.

ಹೆಂಡತಿ ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದಳು. ತಾಯಿತ ಕಟ್ಟಿಸಿದಳು. ನಿಂಬೆಹಣ್ಣು ಇಳಿ ತೆಗೆಸಿದಳು. ದೂರದ ಊರಿನಿಂದ ಒಬ್ಬ ಮಂತ್ರವಾದಿ ಬಂದು, ಮೂರು ದಿನ ಉಂಡು, ಎರಡು ಮೂಟೆ ಬೆಲ್ಲ ಗಾಡಿಗೆ ಹಾಕಿಸಿಕೊಂಡು ಹೋದ. ಅವನು ಮಾತ್ರ ಆ ಬೆಲ್ಲದಲ್ಲಿ ಗಾಜು ಇದೆಯೇ ಎಂದು ನೋಡಲಿಲ್ಲ.

ಆಗ ಅವಳ ಅತ್ತೆ, ವ್ಯಾಪಾರಿಯ ತಾಯಿ, ಹೇಳಿದಳು: “ಎಣ್ಣೆ ವ್ಯಾಪಾರಿಯನ್ನು ನೋಡು. ಮೂರು ವರ್ಷದ ಹಿಂದೆ ಗೋಡೆಗೆ ಮುಖ ಮಾಡಿ ಕೂತು ಅಳುತ್ತಿದ್ದ. ಕಾಶಿಗೆ ಹೋಗಿ ಬಂದ, ಮನುಷ್ಯನಾದ. ಇವನನ್ನೂ ಕಾಶಿಗೆ ಕರೆದುಕೊಂಡು ಹೋಗು.”

ಅದು ನಿಜವಾಗಿತ್ತು. ಎಣ್ಣೆ ವ್ಯಾಪಾರಿ ಮೂರು ತಿಂಗಳು ಊರಿನಲ್ಲಿ ಇರಲಿಲ್ಲ. ಬರುವಾಗ ಮನೆಮನೆಗೂ ಗಂಗೆಯ ಗಿಂಡಿ, ಕಾಶಿಯ ಕರಿದಾರ ತಂದಿದ್ದ. ಊರಿಗೆಲ್ಲ ಊಟ ಹಾಕಿಸಿದ್ದ. ಆ ದಾರ ಬೆಲ್ಲದ ವ್ಯಾಪಾರಿಯ ಹೆಂಡತಿಯ ಕೈಯಲ್ಲೂ ಇತ್ತು.

ಹೆಂಡತಿ ಒಪ್ಪಿದಳು.

ಆ ವಾರ ಊರಿನಲ್ಲಿ ಒಂದು ನಾಮಕರಣದ ಊಟ ಇತ್ತು. ಅವಳು ಬಡಿಸಲು ನಿಂತಳು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ತರಕಾರಿಯನ್ನು ಅಲ್ಲಿಯೇ ಬಿಟ್ಟು ಬರಬೇಕು, ಬದುಕಿರುವವರೆಗೂ ಅದನ್ನು ಮತ್ತೆ ತಿನ್ನಬಾರದು ಎಂಬುದು ಪದ್ಧತಿ. ನಿಮಗೂ ಗೊತ್ತಿರುವುದೇ. ಯಾರು ಯಾವುದನ್ನು ಬಿಟ್ಟಿದ್ದಾರೆ ಎಂಬುದು ಬಡಿಸುವ ಹೆಂಗಸರಿಗೆ ಬಾಯಿಪಾಠ. ಪಟೇಲರ ಎಲೆಗೆ ಬದನೆಕಾಯಿ ಹಾಕುವಂತಿಲ್ಲ. ಜೋಯಿಸರ ಅಕ್ಕನಿಗೆ ಹೀರೇಕಾಯಿ ಆಗದು. ಎಣ್ಣೆ ವ್ಯಾಪಾರಿಯ ಎಲೆಯ ಮುಂದೆ ಬಂದಾಗ ಅವಳು ಸೌಟು ಹಿಡಿದು ನಿಂತಳು. ಇವನು ಏನು ಬಿಟ್ಟಿದ್ದಾನೆ? ನೆನಪಾಗಲಿಲ್ಲ. ಅವನು ತಲೆ ಎತ್ತದೆ, “ಹಾಕು ತಂಗಿ, ಹಾಕು” ಎಂದ. ಬದನೆಕಾಯಿ ಹಾಕಿಸಿಕೊಂಡ. ಹೀರೇಕಾಯಿ ಹಾಕಿಸಿಕೊಂಡ. ಪಡವಲಕಾಯಿ ಹಾಕಿಸಿಕೊಂಡ. ಸೋರೆಕಾಯಿ ಪಲ್ಯವನ್ನು ಎರಡನೆಯ ಸಲವೂ ಕೇಳಿದ.

ಮಾರನೆಯ ಬೆಳಗ್ಗೆ ಅವಳು ಅವನ ಅಂಗಡಿಗೆ ಹೋದಳು.

“ಅಣ್ಣಾ, ನೀವು ಕಾಶಿಯಲ್ಲಿ ಯಾವ ತರಕಾರಿ ಬಿಟ್ಟಿರಿ?”

ಎಣ್ಣೆ ವ್ಯಾಪಾರಿ ಅಳತೆಯ ಪಾತ್ರೆಯನ್ನು ಒರೆಸಿದ. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದ. “ಸೋರೆಕಾಯಿ” ಎಂದ.

“ನಿನ್ನೆ ಎರಡು ಸಲ ಹಾಕಿಸಿಕೊಂಡಿರಿ.”

“ನೀನೇನು ಚಿತ್ರಗುಪ್ತನ ಮಗಳೇನೇ?” ಎಂದು ಅವನು ನಕ್ಕ. ಅವಳು ನಗಲಿಲ್ಲ. ಅವನ ನಗುವೂ ನಿಂತಿತು. “ಯಾರಿಗೂ ಹೇಳಬೇಡ ತಂಗಿ. ನಾನು ಕಾಶಿಯನ್ನು ಕಂಡವನೇ ಅಲ್ಲ. ಪಟ್ಟಣದಲ್ಲಿ ಮನಸ್ಸಿನ ವೈದ್ಯರಿದ್ದಾರೆ. ಅವರ ಹತ್ತಿರ ಇದ್ದೆ. ಗಿಂಡಿ, ದಾರ ಎಲ್ಲ ಪಟ್ಟಣದ ಪೇಟೆಯಲ್ಲಿಯೇ ಸಿಗುತ್ತವೆ.”

ಅಷ್ಟು ಬಾಯಿ ತೆರೆದ ಮೇಲೆ ಅವನು ಉಳಿದದ್ದನ್ನೂ ಹೇಳಿದ. ಅಲ್ಲಿ ಸರ್ಕಾರಿ ಆಸ್ಪತ್ರೆಯೂ ಇದೆ. ಚೀಟಿಗೆ ಅಲ್ಪ ದುಡ್ಡು, ಔಷಧ ಅವರೇ ಕೊಡುತ್ತಾರೆ. ಆದರೆ ಅಲ್ಲಿ ಸಾಲಿನಲ್ಲಿ ನಿಂತರೆ ಊರಿನವರ ಕಣ್ಣಿಗೆ ಬೀಳಬಹುದೆಂದು ಅವನು ಹೋಗಲಿಲ್ಲ. ಖಾಸಗಿ ವೈದ್ಯರ ಮನೆಗೆ ಹಿಂದಿನ ಬಾಗಿಲಿನಿಂದ ಹೋಗಿ, ಹೆಸರು ಬದಲಿಸಿ ಬರೆಸಿ, ಹತ್ತು ಪಟ್ಟು ತೆತ್ತ. ಅದಕ್ಕಾಗಿ ಒಂದು ಗಾಣವನ್ನೇ ಮಾರಿದ. ವೈದ್ಯರು ಒಳ್ಳೆಯವರು. ಎರಡು ವರ್ಷ ಔಷಧ ನಿಲ್ಲಿಸಬೇಡ, ತಿಂಗಳಿಗೊಮ್ಮೆ ಬಂದು ತೋರಿಸು ಎಂದಿದ್ದರು.

“ಹೋದಿರಾ?”

“ಹೇಗೆ ಹೋಗಲಿ? ಕಾಶಿಗೆ ಜನ್ಮಕ್ಕೊಮ್ಮೆ ಹೋಗುತ್ತಾರೆ.” ಅವನು ಬೀದಿಯ ಕಡೆ ನೋಡಿದ. “ಈಗಲೂ ಕೆಲವು ದಿನ ಅಂಗಡಿಯ ಬಾಗಿಲು ತೆಗೆಯಲು ಕೈ ಏಳುವುದಿಲ್ಲ, ತಂಗಿ.”

ಹೆಂಡತಿ ಮನೆಗೆ ಬಂದು ಅತ್ತೆಗೆ ಮಾತ್ರ ಎಲ್ಲವನ್ನೂ ಹೇಳಿದಳು. ಅತ್ತೆ ದೇವರ ಕೋಣೆಗೆ ಹೋಗಿ ಒಂದು ಗಂಟು ತಂದಳು. ಅದು ಅವಳ ಕಾಶಿಯ ಗಂಟು. ಮೂವತ್ತು ವರ್ಷ ಅವಳು ಹಬ್ಬಕ್ಕೆ ಸೀರೆ ಕೊಳ್ಳದೆ, ಹಾಲಿನಲ್ಲಿ, ಮೊಸರಿನಲ್ಲಿ ಉಳಿಸಿ ಕಟ್ಟಿದ ಗಂಟು. ಅದಕ್ಕೆ ಅವಳ ಗಂಡನೂ ಕೈ ಹಚ್ಚಿರಲಿಲ್ಲ.

“ತೆಗೆದುಕೊಂಡು ಹೋಗು” ಎಂದಳು. “ಆದರೆ ಊರಿಗೆ ಕಾಶಿ ಎಂದೇ ಹೇಳು. ಈ ಮನೆಗೆ ಒಂದು ಹೆಸರಿದೆ.”

“ಅತ್ತೆ, ತಿಂಗಳಿಗೊಮ್ಮೆ ಹೋಗಬೇಕಂತೆ, ಎರಡು ವರ್ಷ. ಇಪ್ಪತ್ತನಾಲ್ಕು ಸಲ ಕಾಶಿಗೆ ಹೋದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?”

ಅತ್ತೆ ಬಹಳ ಹೊತ್ತು ಗಂಟಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಕೈ ತೆಗೆದಳು. “ನಿನಗೆ ತಿಳಿದಂತೆ ಹೇಳು. ಕಾಶಿ ಎಲ್ಲಿಗೂ ಓಡಿಹೋಗುವುದಿಲ್ಲ. ನನ್ನ ಮಗ ಕೈತಪ್ಪಿ ಹೋಗುತ್ತಿದ್ದಾನೆ.”

ಅಷ್ಟರಲ್ಲಿ ಬೆಲ್ಲದ ವ್ಯಾಪಾರಿ ಕಾಶಿಗೆ ಹೊರಟ ಎಂಬ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಹೊರಡುವ ದಿನ ಜನ ವಾಲಗದವರನ್ನು ಕರೆದುಕೊಂಡು ಬಂದು ಮನೆಯ ಮುಂದೆ ಸೇರಿದರು. ತಮ್ಮ ಹೆಸರಿನಲ್ಲಿ ವಿಶ್ವನಾಥನಿಗೆ ಹಾಕಲು ಒಬ್ಬೊಬ್ಬರೂ ಕಾಣಿಕೆಯ ನಾಣ್ಯ ತಂದು ಅವಳ ಸೆರಗಿಗೆ ಹಾಕಿದರು. ಸೆರಗು ತುಂಬಿತು. ಆ ಕ್ಷಣ ಅವಳು ಸುಮ್ಮನಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಅವಳು ಕಟ್ಟೆಯ ಮೇಲೆ ನಿಂತು ಹೇಳಿದಳು: “ನಾವು ಕಾಶಿಗೆ ಹೋಗುತ್ತಿಲ್ಲ. ನನ್ನ ಗಂಡನಿಗೆ ಮನಸ್ಸಿಗೆ ಕಾಯಿಲೆ ಆಗಿದೆ. ಪಟ್ಟಣದ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದೇವೆ. ನಿಮ್ಮ ನಿಮ್ಮ ನಾಣ್ಯ ತೆಗೆದುಕೊಳ್ಳಿ.”

ವಾಲಗ ನಿಂತಿತು. ಒಬ್ಬೊಬ್ಬರೇ ಬಂದು ಅವಳ ಸೆರಗಿನಿಂದ ತಮ್ಮ ನಾಣ್ಯ ತೆಗೆದುಕೊಂಡರು. ಯಾರೂ ಅವಳ ಮುಖ ನೋಡಲಿಲ್ಲ. ಅವಳು ಕೊನೆಯ ನಾಣ್ಯದವರೆಗೂ ಸೆರಗು ಹಿಡಿದುಕೊಂಡೇ ನಿಂತಳು. ಹೂ ಮಾರುವ ಒಬ್ಬ ಮುದುಕಿ ಮಾತ್ರ ತನ್ನದನ್ನು ತೆಗೆದುಕೊಳ್ಳಲಿಲ್ಲ. “ಅಲ್ಲಿಯೂ ಯಾವುದಾದರೂ ಗೋಡೆಗೆ ಒಂದು ದೇವರ ಪಟ ಇದ್ದೀತು. ಅಲ್ಲಿಯೇ ಹಾಕು, ಮಗಳೇ” ಎಂದಳು.

ಆಸ್ಪತ್ರೆಯಲ್ಲಿ ಅವರು ಸಾಲಿನಲ್ಲಿ ನಿಂತರು. ಗಂಡನ ಹೆಸರು, ಅವನ ತಂದೆಯ ಹೆಸರು, ಊರಿನ ಹೆಸರು ಎಲ್ಲವನ್ನೂ ಅವಳು ಇದ್ದಂತೆಯೇ ಬರೆಸಿದಳು. ವೈದ್ಯರು, ಈ ಕಾಯಿಲೆ ಹೊಸದಲ್ಲ, ಇದಕ್ಕೆ ಹೆಸರಿದೆ, ಔಷಧವಿದೆ, ಆದರೆ ನಿಧಾನ ಎಂದರು. ನಲವತ್ತು ದಿನ ಅಲ್ಲಿಯೇ ಇರಬೇಕಾಯಿತು. ಆಸ್ಪತ್ರೆಯ ಎದುರಿಗೆ ಒಂದು ಕೋಣೆಯ ಬಾಡಿಗೆ, ಬಸ್ಸಿನ ಖರ್ಚು, ಮುಚ್ಚಿದ ಅಂಗಡಿಯ ನಷ್ಟ, ಇಷ್ಟಕ್ಕೆ ಅತ್ತೆಯ ಗಂಟು ಸರಿಹೋಯಿತು. ಮುಂದಿನ ತಿಂಗಳುಗಳ ಖರ್ಚಿಗೆ ಅವಳೇ ಅಂಗಡಿಯಲ್ಲಿ ಕೂತಳು.

ಊರು ಅವಳನ್ನು ಸುಮ್ಮನೆ ಬಿಡಲಿಲ್ಲ. “ಹುಚ್ಚನ ಬೆಲ್ಲ, ನಾಲಗೆಗೆ ಸಿಹಿ ತಲೆಗೆ ಕಹಿ” ಎಂದು ಅಂಗಡಿಯ ಮುಂದೆಯೇ ಹಾಡಿಕೊಂಡು ಹೋದವರಿದ್ದರು. ಆ ವರ್ಷದ ಮೊದಲ ಮದುವೆಯಲ್ಲಿ ಮೊದಲ ತಾಂಬೂಲ ಇನ್ನೊಂದು ಮನೆಗೆ ಹೋಯಿತು. ಅವಳು ಮೂರನೆಯ ತಾಂಬೂಲವನ್ನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡಳು. ಉಂಡು, ಎಲೆ ಮಡಚಿ, ಮದುವೆ ಮನೆಯವರಿಗೆ ಹೇಳಿಯೇ ಹೊರಟಳು.

ಮನೆಯಲ್ಲಿ ವೈದ್ಯರು ಕೊಟ್ಟ ಅಭ್ಯಾಸ ನಡೆಯುತ್ತಿತ್ತು. ದಿನಕ್ಕೆ ಒಂದು ಅಚ್ಚು ಬೆಲ್ಲವನ್ನು ಗಂಡನ ಮುಂದೆ ಇಡುವುದು. ಅವನು ಅದನ್ನು ಒಡೆಯದೆ ಅರ್ಧ ಗಂಟೆ ಕೂರುವುದು. ಮೊದಲ ದಿನ ಅವನು ಬೆವರಿದ, ಬೈದ, ಅತ್ತ. ನಾಲ್ಕು ನಿಮಿಷಕ್ಕೆ ಒಡೆದ. ಅವಳು ಚೂರುಗಳನ್ನು ಆರಿಸಿ ಡಬ್ಬಕ್ಕೆ ತುಂಬಿದಳು, ಮಾರನೆಯ ದಿನ ಇನ್ನೊಂದು ಅಚ್ಚು ಇಟ್ಟಳು. ಬೇಸರ ಎನ್ನಲಿಲ್ಲ, ಶಹಬಾಸ್ ಎಂದೂ ಅನ್ನಲಿಲ್ಲ. ಜೊತೆಗೆ ಕೂತಳು, ಅಷ್ಟೇ. ಏಳನೆಯ ತಿಂಗಳಿನಲ್ಲಿ ಒಂದು ದಿನ ಅವನು ಒಡೆಯದ ಅಚ್ಚಿನಿಂದ ಒಂದು ತುಂಡು ಕಚ್ಚಿ ತಿಂದ. ಇನ್ನೂ ಒಂದು ತುಂಡು ಕಚ್ಚಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಅದಕ್ಕೆ ಮೊದಲೇ ಇನ್ನೊಂದು ಸಂಗತಿ ನಡೆದಿತ್ತು. ಮೂರನೆಯ ತಿಂಗಳು ಅವರು ಪಟ್ಟಣದ ಬಸ್ಸಿಗೆ ಕಾಯುತ್ತಿದ್ದಾಗ ಎಣ್ಣೆ ವ್ಯಾಪಾರಿ ಒಂದು ಚೀಲ ಹಿಡಿದು ಬಂದು ಪಕ್ಕದಲ್ಲಿ ನಿಂತ. ಹಗಲು ಹನ್ನೊಂದು ಗಂಟೆ. ನಿಲ್ದಾಣದಲ್ಲಿ ಅರ್ಧ ಊರು ಇತ್ತು.

“ಎಲ್ಲಿಗೆ ಸಾಹುಕಾರರೇ ಸವಾರಿ?” ಎಂದು ಯಾರೋ ಕೇಳಿದರು.

“ಕಾಶಿಗಂತೂ ಅಲ್ಲ” ಎಂದು ಹೇಳಿ ಅವನು ಬಸ್ಸು ಹತ್ತಿದ.

ಮುಂದಿನ ತಿಂಗಳು ಪಟೇಲರ ಮನೆಯ ಆಳು ಬಂದು, ಪಟೇಲರ ಮಗಳಿಗೆ ಹೆರಿಗೆಯಾದಾಗಿನಿಂದ ನಿದ್ದೆಯಿಲ್ಲ, ಮಗುವನ್ನು ಮುಟ್ಟುವುದಿಲ್ಲ, ಆಸ್ಪತ್ರೆಯ ಚೀಟಿ ಎಲ್ಲಿ ಮಾಡಿಸಬೇಕು ಎಂದು ಕೇಳಿಕೊಂಡು ಹೋದ. ಆಮೇಲೆ ಇನ್ನೊಂದು ಮನೆಯವರು ಬಂದರು. ಅವರ ಮನೆಯ ಹಿರಿಯನೂ ಹಿಂದೊಮ್ಮೆ ಆರು ತಿಂಗಳು ಕಾಶಿಯಲ್ಲಿ ಇದ್ದು ಬಂದವನು. ಅವನೂ ಯಾವ ತರಕಾರಿಯನ್ನೂ ಬಿಟ್ಟಿರಲಿಲ್ಲ. ಆ ಊರಿನಲ್ಲಿ ಆಸ್ಪತ್ರೆಯ ದಾರಿ ಬಲ್ಲವರು ಅಷ್ಟು ಜನ ಇದ್ದರು, ಯಾರೂ ಬಾಯಿ ಬಿಟ್ಟಿರಲಿಲ್ಲ. ಬೆಲ್ಲದ ವ್ಯಾಪಾರಿಯ ಹೆಂಡತಿಗೆ ದಾರಿ ಸಿಕ್ಕಿದ್ದು ಒಂದು ಸೌಟು ಸೋರೆಕಾಯಿ ಪಲ್ಯದಿಂದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಸಗುಣಾಬಾಯಿ ನೆಟ್ಟಗೆ ಕೂತಿದ್ದರು. ಅವರಿಗೆ ತಮ್ಮ ಸೊಸೆ ಪೆಟ್ಟಿಗೆ ಹಿಡಿದು ಮೆಟ್ಟಿಲು ಇಳಿದದ್ದು ಕಣ್ಣಿಗೆ ಕಟ್ಟಿತು. ಅವಳು ಆಗ ಅಳಲಿಲ್ಲ. ಗಂಡನ ಮಾತ್ರೆ ಬೆಳಗ್ಗೆ ಒಂದು, ರಾತ್ರಿ ಎರಡು ಎಂದು ಅಡುಗೆಯವಳಿಗೆ ಎರಡು ಸಲ ಹೇಳಿ ಹೋಗಿದ್ದಳು. ಆ ಅರಿಸಿನ ಕುಂಕುಮದ ದಿನ ಒಬ್ಬ ಹೆಂಗಸು ಸೊಸೆಯನ್ನು ಪಕ್ಕಕ್ಕೆ ಕರೆದು, ಡಾಕ್ಟರ ಹೆಸರನ್ನು ಇನ್ನೊಮ್ಮೆ ಕೇಳಿ, ಕೈಚೀಲದ ಚೀಟಿಯಲ್ಲಿ ಬರೆದುಕೊಂಡಿದ್ದಳು. ಅದನ್ನು ಅವರು ಕಂಡಿದ್ದರು. ಗುರುಗಳಿಗೆ ಹೇಳಿರಲಿಲ್ಲ.

“ಆಗಲಿ ಗುರುಗಳೇ” ಎಂದರು ಸಗುಣಾಬಾಯಿ. “ನಾಳೆ ಕಾರು ಕಳಿಸುತ್ತೇನೆ. ಹಿರಿಯಳಾದ ನಾನೇ ಬಾ ಎಂದು ಕರೆಸಿಕೊಂಡರೆ ಸಾಕಲ್ಲವೇ?”

“ಸಾಲದು, ತಾಯಿ. ಇವತ್ತೇ ನೀವೇ ಹೋಗಿ ಅವಳ ಕ್ಷಮೆ ಕೇಳಿ.”